ಹೊಳೆಯ ನೀರಿಗೂ ಬೇಕು ಫ್ಯಾಟ್ ಲೆಕ್ಕ



ಜಮಖಂಡಿ ಮತ್ತು ರಬಕವಿ-ಬನಹಟ್ಟಿಗೆ ಕೃಷ್ಣೆ, ಮುಧೋಳಕ್ಕೆ ಘಟಪ್ರಭೆ. ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಎರಡೂ ಕೂಡುತ್ತವೆ. ನಮ್ಮಲ್ಲಿ ಹಲವರಿಗೆ ಕಬ್ಬಿನ ಬಿಲ್ಲು ಕಾರ್ಖಾನೆಯಿಂದ ಬರುತ್ತದೆ, ದನಕರುಗಳಿಗೆ ನೀರು ಹೊಳೆಯಿಂದ ಬರುತ್ತದೆ. ಆದ್ದರಿಂದ ಎರಡೂ ಚೆನ್ನಾಗಿರಬೇಕು.

ಒಂದು ಲೀಟರ್ ಹಾಲಿಗೆ ಆಕಳು ಸುಮಾರು 4-5 ಲೀಟರ್ ನೀರು ಕುಡಿಯಬೇಕು. ನೀರು ನಾರಿದರೆ ಅದು ಕಡಿಮೆ ಕುಡಿಯುತ್ತದೆ. ಆಗ ಮೇವು ತಿನ್ನುವುದು ತಗ್ಗುತ್ತದೆ, ಹಾಲೂ ಇಳಿಯುತ್ತದೆ.

ನೀರು ನಾರುವುದೇಕೆ? ಸಕ್ಕರೆಯ ಅಂಶ, ಸಗಣಿ, ಊರಿನ ಕೊಳಚೆ ನೀರಿಗೆ ಸೇರಿದಾಗ ಸೂಕ್ಷ್ಮಜೀವಿಗಳು ಅವನ್ನು ತಿನ್ನುತ್ತ ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಈ ಬೇಡಿಕೆಯ ಅಳತೆಯೇ ಬಿಒಡಿ. ಹೊಳೆಗೆ ಬಿಡುವ ನೀರಿನಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಬೇಸಿಗೆಯಲ್ಲಿ ಹರಿವು ಕಡಿಮೆ, ಆದ್ದರಿಂದ ಅದೇ ಹೊಲಸು ಹೆಚ್ಚು ಕೆಡುಕು ಮಾಡುತ್ತದೆ.

ಸಂಘದಲ್ಲಿ ನಿಮ್ಮ ಹಾಲಿಗೆ ಲೀಟರ್ ಜೊತೆಗೆ ಫ್ಯಾಟ್, ಎಸ್‌ಎನ್‌ಎಫ್ ನೋಡಿ ಹಣ ಕೊಡುತ್ತಾರೆ. ಮಾಲಿನ್ಯ ಶುಲ್ಕದ ತತ್ವವೂ ಇದೇ: ಎಷ್ಟು ನೀರು ಬಿಟ್ಟಿರಿ, ಅದರಲ್ಲಿ ಹೊಲಸು ಎಷ್ಟು? ಲೆಕ್ಕ ಹಾಕೋಣ. ದಿನಕ್ಕೆ 5 ಲಕ್ಷ ಲೀಟರ್, ಬಿಒಡಿ 1,000 ಇದ್ದರೆ 500 ಕೆ.ಜಿ. ಹೊರೆ. ಶುದ್ಧೀಕರಿಸಿ 30ಕ್ಕೆ ಇಳಿಸಿದರೆ 15 ಕೆ.ಜಿ. ಮಾತ್ರ. ಪ್ರತಿ ಕೆ.ಜಿ.ಗೆ ಸಾಕಷ್ಟು ಶುಲ್ಕವಿದ್ದರೆ, ಶುದ್ಧೀಕರಣ ಘಟಕವನ್ನು ಬಂದ್ ಇಡುವುದಕ್ಕಿಂತ ನಡೆಸುವುದೇ ಅಗ್ಗವಾಗುತ್ತದೆ. ಜರ್ಮನಿಯಲ್ಲಿ 1981ರಿಂದ ಹೊರೆ ನೋಡಿ ಶುಲ್ಕ ವಸೂಲಿ ಮಾಡುತ್ತಿದ್ದಾರೆ.

ನಮ್ಮ ದೇಶದಲ್ಲಿ 1977ರ ಜಲ ಕರ ಕಾಯ್ದೆ ಇತ್ತು. ಅದು ಮುಖ್ಯವಾಗಿ ಬಳಸಿದ ನೀರನ್ನು ಅಳೆಯಿತು, ಫ್ಯಾಟ್ ನೋಡದೆ ಹಾಲು ಕೊಂಡ ಹಾಗೆ. 2017ರಲ್ಲಿ ಜಿಎಸ್‌ಟಿ ಬಂದಾಗ ಅದೂ ರದ್ದಾಯಿತು. ಈಗ ತಪ್ಪು ಸಿಕ್ಕಮೇಲೆ, ನಡೆದ ದಿನಗಳನ್ನು ಎಣಿಸಿ ಪರಿಸರ ಪರಿಹಾರ ವಿಧಿಸುತ್ತಾರೆ. ಸಿಕ್ಕಿಬೀಳದಿದ್ದರೆ ಖರ್ಚಿಲ್ಲ!

ಆದ್ದರಿಂದ ಕಣ್ಣಿಡಬೇಕಾದವರು ನೀವೇ:

1. ನೀರಿನ ಬಣ್ಣ ಬದಲಾದರೆ, ಮೀನು ಸತ್ತು ತೇಲಿದರೆ ದನಕರುಗಳನ್ನು ಹೊಳೆಗೆ ಬಿಡಬೇಡಿ. ಬೋರ್‌ವೆಲ್ ನೀರು ಕುಡಿಸಿ.
2. ದಿನಾಂಕ, ಸಮಯ, ಜಾಗ, ಫೋಟೋ ಸಹಿತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಂದೇ ತಿಳಿಸಿ. ನೀವು ಬಾಟಲಿಯಲ್ಲಿ ತುಂಬಿದ ನೀರು ಕೋರ್ಟಿನಲ್ಲಿ ಸಾಲದು. 1974ರ ಜಲ ಕಾಯ್ದೆಯಂತೆ ಅಧಿಕಾರಿಗಳೇ ಮಾದರಿ ತೆಗೆಯಬೇಕು. ತಡವಾದರೆ ಹೊಲಸು ಹರಿದುಹೋಗಿರುತ್ತದೆ.
3. ನಿಮ್ಮ ಕೊಟ್ಟಿಗೆಯ ಸಗಣಿ ನೀರು ಹಳ್ಳಕ್ಕೆ ಹೋಗದಿರಲಿ. ತಿಪ್ಪೆಗೆ ಇಲ್ಲವೇ ಗೋಬರ್ ಗ್ಯಾಸ್ ಗುಂಡಿಗೆ ಸೇರಿಸಿ.

ಕಾರ್ಖಾನೆಗೆ ಲೆಕ್ಕ ಕೇಳುವವರು ಮೊದಲು ನಮ್ಮ ಲೆಕ್ಕ ಚೊಕ್ಕವಿಟ್ಟುಕೊಳ್ಳೋಣ.