‘ನಿನಗ ಏನು ಬರ್ತದ?’

ಉದ್ಯೋಗ ಪ್ರಶ್ನೋತ್ತರ: ಈ ಸಲ ಶಲವಡಿಯ ಪತ್ರಗಳು

ಪ್ರಶ್ನೆ: ಬಿ.ಎ. ಮುಗಿಸಿ ಮೂರು ವರ್ಷ ಆತ್ರಿ. ಧಾರವಾಡದ ಸಪ್ತಾಪುರದಾಗ ರೂಮು ಮಾಡಿ ಪಿಎಸ್‌ಐ, ಎಫ್‌ಡಿಎ ಅಂತ ಓದಿದೆ, ಆಗಲಿಲ್ಲ. ಮೊನ್ನೆ ಹುಬ್ಬಳ್ಳಿಯೊಳಗ ಒಂದು ಕಂಪನಿ ಸಂದರ್ಶನಕ್ಕ ಹೋಗಿದ್ದೆ. ‘ನಿನಗ ಏನು ಬರ್ತದ?’ ಅಂದ್ರು. ‘ಕಂಪ್ಯೂಟರ್ ಬೇಸಿಕ್ ಆಗೇತ್ರಿ’ ಅಂದು ಸುಮ್ಮನಾದೆ. ಈಗ ಯಾವ ಕೋರ್ಸ್ ಮಾಡ್ಲಿ? ಸದ್ಯ ಊರಾಗ ಅಪ್ಪನ ಜೋಡಿ ಅದೀನಿ. ಹೆಸರು ರಾಶಿ, ಮಾರಾಟ ಎಲ್ಲಾ ನಾನ ನೋಡ್ತೀನಿ.

ಉತ್ತರ: ಕೋರ್ಸಿನ ಮಾತು ಆಮೇಲೆ. ಅವರು ಕೇಳಿದ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀವು ಅದನ್ನು ಕೊನೆಯ ಸಾಲಿಗೆ ತಳ್ಳಿದ್ದೀರಿ.

ಹೆಸರು ರಾಶಿ ಎಂದರೆ ಏನೇನು ಕೆಲಸ? ಮಳೆ ಹಿಡಿಯುವುದರೊಳಗೆ ಬೆಳೆ ಹೊಲದಿಂದ ಹೊರಬೀಳಬೇಕು. ಮಷಿನ್‌ನವನಿಗೆ ಮೊದಲೇ ಹೇಳಿಟ್ಟಿರಬೇಕು. ಆಳುಗಳ ಪಗಾರ ಬಾಕಿ ಉಳಿಯಬಾರದು. ದಲಾಲಿ ಅಂಗಡಿಯ ಪಟ್ಟಿಯಲ್ಲಿ ತೂಕ, ಹಮಾಲಿ ಸರಿ ಇದೆಯೇ ನೋಡಬೇಕು. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಕಾಯುವುದೋ, ಅಮರಗೋಳದ ಎಪಿಎಂಸಿಗೆ ಒಯ್ದುಬಿಡುವುದೋ ಎಂದು ತೀರ್ಮಾನಿಸಬೇಕು. ಮುಂದಿನದನ್ನು ಯೋಚಿಸುವುದು, ಲೆಕ್ಕ ಇಡುವುದು, ಹತ್ತು ಮಂದಿಯಿಂದ ಕೆಲಸ ತೆಗೆಯುವುದು, ಹೊತ್ತಿಗೆ ಸರಿಯಾಗಿ ನಿರ್ಧಾರ ಮಾಡುವುದು: ಕಂಪನಿಗಳು ಪಗಾರ ಕೊಡುವುದು ಇದಕ್ಕೇ. ನಿಮಗೆ ಬರದೇ ಇರುವುದು ಒಂದೇ, ಇದನ್ನು ಕೇಳುವವರಿಗೆ ತಿಳಿಯುವ ಹಾಗೆ ತೋರಿಸುವುದು.

ಅದಕ್ಕೆ ದುಡ್ಡು ಕೊಟ್ಟು ಕಲಿಯಬೇಕಾದ್ದೇನೂ ಇಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಮೊಬೈಲಿನಲ್ಲೇ, ಈ ಹಂಗಾಮಿನ ಹೊಲದ ಲೆಕ್ಕವನ್ನೆಲ್ಲ ಎಕ್ಸೆಲ್‌ಗೆ ಹಾಕಿ. ಬೀಜ, ಗೊಬ್ಬರ, ಎಣ್ಣೆ ಹೊಡೆದದ್ದು, ಟ್ರ್ಯಾಕ್ಟರ್ ಬಾಡಿಗೆ, ಆಳು, ಲಾವಣಿ ಹೊಲವಾದರೆ ಅದರ ದುಡ್ಡು, ಎಕರೆಗೆ ಎಷ್ಟು ಕ್ವಿಂಟಲ್ ಬಂತು, ಯಾವ ದಿನ ಯಾವ ದರಕ್ಕೆ ಹೋಯಿತು. ಕೂಡಿಸುವ ಸೂತ್ರ ಗೊತ್ತಾಗದಿದ್ದರೆ ಬಲ್ಲವರನ್ನು ಕೇಳಿ ಕಲಿಯಿರಿ. ನಿಮ್ಮದೇ ದುಡ್ಡಿನ ಲೆಕ್ಕವಾದ್ದರಿಂದ ಬೇಸರ ಬರುವುದಿಲ್ಲ, ತಪ್ಪು ಬೇಗ ಸಿಗುತ್ತದೆ. ಬಳಿಕ ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಎರಡು ನಿಮಿಷ ಮಾತಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಕೇಳಲು ಮುಜುಗರವಾಗುತ್ತದೆ. ನಾಲ್ಕು ದಿನ ಬಿಡದೆ ಮಾಡಿದರೆ ಯಾವ ಮಾತು ಮೊದಲು ಬರಬೇಕು, ಯಾವುದು ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ. ಮುಂದಿನ ಸಂದರ್ಶನಕ್ಕೆ ಆ ಹಾಳೆಯ ಪ್ರಿಂಟ್ ಒಯ್ಯಿರಿ. ‘ಬೇಸಿಕ್ ಆಗೇತ್ರಿ’ ಎನ್ನುವ ಬದಲು ‘ಇದನ್ನ ನಾನು ಮಾಡೀನ್ರಿ’ ಎಂದು ಅವರ ಕೈಗಿಡಿ.

ಇನ್ನು ಪರೀಕ್ಷೆಯ ವಿಷಯ. ಓದುವುದನ್ನು ಬಿಡಿ ಎನ್ನಲಾರೆ. ಆದರೆ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಕಷ್ಟಪಟ್ಟು ಓದಿದವರ ಎರಡು ವರ್ಷ, ಅವರದೇನೂ ತಪ್ಪಿಲ್ಲದೆ ಹೋಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅದಕ್ಕೇ ಹೇಳುತ್ತೇನೆ, ಓದಿನ ಜೊತೆಗೆ ಇನ್ನೊಂದು ದಾರಿ ತೆರೆದಿರಲಿ. ಕೇಂದ್ರ ಸರ್ಕಾರದ ‘ನ್ಯಾಟ್ಸ್’ ಅಪ್ರೆಂಟಿಸ್ ಯೋಜನೆಯಲ್ಲಿ ಈಗ ಬಿ.ಎ., ಬಿ.ಕಾಂ. ಆದವರಿಗೂ ಅವಕಾಶವಿದೆ. ಪದವಿ ಮುಗಿಸಿ ಐದು ವರ್ಷ ದಾಟಿರಬಾರದು ಅಷ್ಟೇ. ತಿಂಗಳಿಗೆ ಶಿಷ್ಯವೇತನ, ಮುಗಿದ ಮೇಲೆ ಪ್ರಮಾಣಪತ್ರ. ನಿಮಗೆ ಮೂರು ವರ್ಷ ಆಗಿದೆ, ತಡಮಾಡಬೇಡಿ.

ಪ್ರಶ್ನೆ: ಮಗಳು ಬಿ.ಕಾಂ. ಮುಗಿಸ್ಯಾಳ್ರಿ. ಬುದ್ಧಿವಂತಿ, ಆದ್ರ ಇಂಗ್ಲಿಷ್ ಅಂದ್ರ ಅಂಜತಾಳ. ನಾಕು ಮಂದಿ ‘ಸ್ಪೋಕನ್ ಇಂಗ್ಲಿಷ್‌ಗೆ ಹಚ್ಚು’ ಅಂತಾರ. ಹಚ್ಚಲೇನ್ರಿ?

ಉತ್ತರ: ಅಕ್ಕಾರ, ಈಗಲೇ ಹಚ್ಚಬೇಡಿ. ಲೆಕ್ಕದ ಕೆಲಸಕ್ಕೆ ಸೇರುವ ಹುಡುಗಿಗೆ ಮೊದಲು ಬೇಕಾದ ಇಂಗ್ಲಿಷ್ ಬಿಲ್ಲಿನದು, ಬ್ಯಾಂಕಿನದು, ಜಿಎಸ್‌ಟಿಯದು. ಮನೆಗೆ ಬರುವ ಬ್ಯಾಂಕಿನ ಮೆಸೇಜು, ಗೊಬ್ಬರದ ಚೀಲದ ಮೇಲಿನ ಬರಹ, ಬೀಜದಂಗಡಿಯ ರಸೀದಿ ಇವನ್ನು ದಿನಾ ಓದಿ ನಿಮಗೆ ಕನ್ನಡದಲ್ಲಿ ಬಿಡಿಸಿ ಹೇಳಲಿ. ಕೇಳುವವರು ತಾಯಿಯಾದರೆ ತಪ್ಪಲು ಅಂಜಿಕೆ ಇರುವುದಿಲ್ಲ. ಜೊತೆಗೆ ಟ್ಯಾಲಿ ಕಲಿಯಲಿ.

ಧಾರವಾಡದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ಶುರು ಮಾಡಿದ್ದು. ಇದರ ಮಾದರಿಯನ್ನು ನೋಡಿಯೇ ಮುಂದೆ ದೇಶದ ಉಳಿದ ಜಿಲ್ಲೆಗಳಲ್ಲೂ ಇಂಥ ಸಂಸ್ಥೆಗಳನ್ನು ತೆರೆದರು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಕಲಿತು ಹೋದವರ ಬೆನ್ನಿಗೆ ಮುಂದೆಯೂ ಎರಡು ವರ್ಷ ನಿಲ್ಲುತ್ತಾರೆ. ನನಗೆ ಅಲ್ಲಿಯ ಪದ್ಧತಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಅನಿಸುವುದು ಇದೇ. ಸ್ವಂತ ಉದ್ಯೋಗಕ್ಕಾಗಿ ಇರುವ ಸಂಸ್ಥೆ ಅದು. ಊರಲ್ಲಿದ್ದುಕೊಂಡೇ ಅಂಗಡಿ, ಸ್ವಸಹಾಯ ಸಂಘಗಳ ಲೆಕ್ಕ ಬರೆದುಕೊಡುವ ಮನಸ್ಸು ಮಗಳಿಗಿದ್ದರೆ ಹೋಗಿ ವಿಚಾರಿಸಿ. ಶಕ್ತಿ ಯೋಜನೆ ಇರುವುದರಿಂದ ತಾಯಿ ಮಗಳಿಬ್ಬರಿಗೂ ಬಸ್ ಖರ್ಚಿಲ್ಲ. ನೀವೂ ಜೊತೆಗೆ ಹೋಗಿ, ಆದರೆ ಅಲ್ಲಿ ಮಾತಾಡುವುದು ಅವಳೇ ಆಗಲಿ.

ಪ್ರಶ್ನೆ: ಐಟಿಐ ಫಿಟ್ಟರ್ ಮುಗಿಸಿ ಒಂದು ಫ್ಯಾಕ್ಟರಿ ಸೇರಿದ್ದೆ. ಸುಪರ್ವೈಸರ್ ಎಲ್ಲರ ಮುಂದ ಬೈದ್ರು, ಬಿಟ್ಟು ಬಂದೆ. ಮತ್ತೆ ಹೋಗ್ಲೋ ಬ್ಯಾಡೋ?

ಉತ್ತರ: ಬೇರೆ ಕಾರ್ಖಾನೆಗೆ ಹೋಗಿ. ಎಲ್ಲರ ಮುಂದೆ ಬೈದದ್ದು ತಪ್ಪೇ, ಅದನ್ನು ಸಹಿಸಿಕೊಳ್ಳಿ ಎನ್ನುವುದಿಲ್ಲ. ಯಾಕೆ ಬೈದರು ಎಂದು ನೀವು ಬರೆದಿಲ್ಲ. ಹೊಸಬರು ಬೈಸಿಕೊಳ್ಳುವುದು ಹೆಚ್ಚಾಗಿ ಅಳತೆ ತಪ್ಪಿದ್ದನ್ನು ಮುಚ್ಚಿಟ್ಟಾಗ. ತಪ್ಪಿದ ಕೂಡಲೇ ‘ಸರ್, ಇದು ಕೆಟ್ಟತ್ರಿ’ ಎಂದು ಹೇಳುವ ಹುಡುಗನನ್ನು ಯಾವ ಕಾರ್ಖಾನೆಯೂ ಸುಲಭವಾಗಿ ಕಳಕೊಳ್ಳುವುದಿಲ್ಲ. ಜೇಬಿನಲ್ಲೊಂದು ಸಣ್ಣ ನೋಟ್‌ಬುಕ್ ಇರಲಿ. ಹೇಳಿದ ಅಳತೆ ಬರೆದುಕೊಂಡು, ತಿರುಗಿ ಓದಿ ಹೇಳಿ, ಆಮೇಲೆ ಕೆಲಸಕ್ಕೆ ಕೈ ಹಾಕಿ. ಶಿಫ್ಟ್ ಬಿಡುವಾಗ ಎಲ್ಲಿಗೆ ನಿಂತಿದೆ ಎಂದು ಮುಂದಿನವನಿಗೆ ತಿಳಿಸಿ ಬನ್ನಿ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿದ್ದಾರೆ, ಹೊಸ ಯಂತ್ರಗಳು ಬಂದಿವೆ. ನಿಮ್ಮ ಐಟಿಐ ಆ ಪಟ್ಟಿಯಲ್ಲಿದ್ದರೆ ಹಳೆಯ ಮೇಷ್ಟ್ರನ್ನು ಕಂಡು, ಸಿಎನ್‌ಸಿ ಕಲಿಯಲು ದಾರಿಯಿದೆಯೇ ಕೇಳಿ. ಅಪ್ರೆಂಟಿಸ್ ಜಾಗ ಎಲ್ಲಿ ಖಾಲಿ ಇದೆ ಎಂಬುದೂ ಅವರಿಗೇ ಮೊದಲು ಗೊತ್ತಿರುತ್ತದೆ.