ಹಾಂಗ್‌ಕಾಂಗ್‌ನಲ್ಲಿ ಸಿಟ್ಟು ಬಂದಾಗ

ಕೆಲಸಕ್ಕೆಂದು ಹಾಂಗ್‌ಕಾಂಗ್‌ಗೆ ಹೋದವರು ಅಲ್ಲಿನ ಕ್ಯಾಂಟನೀಸ್ ಮಾತು ಕಲಿಯಲು ಹೊರಟರೆ ನನಗೆ ಸಂತೋಷವೇ. ಆದರೆ ಸಿನಿಮಾ ನೋಡಿ ಮೊದಲು ಬೈಗುಳವನ್ನೇ ಬಾಯಿಪಾಠ ಮಾಡುತ್ತೀರಲ್ಲ, ಆ ಚಾಳಿ ಬಿಡಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.

ಸುಸ್ತು, ಸಿಟ್ಟು ಯಾರಿಗೂ ತಪ್ಪಿದ್ದಲ್ಲ. ನುಂಗಿಕೊಂಡು ಕೂರಬೇಡಿ, ಹೇಳಿಕೊಳ್ಳಿ. ಆದರೆ ನಿಮ್ಮ ಪಾಡು ತಿಳಿಸುವ ಮಾತನ್ನು ಆರಿಸಿಕೊಳ್ಳಿ, ಎದುರಿನವರನ್ನು ಚುಚ್ಚುವ ಮಾತನ್ನಲ್ಲ. ದಣಿದಾಗ ‘ಹೋ ಗುಯ್’ ಅನ್ನಿ. ತುಂಬಾ ಸುಸ್ತಾಗಿದೆ ಎಂದರ್ಥ. ಕೆಲಸದ ಹೊರೆ ಏರಿದ್ದರೆ ‘ಹೋ ದಾಯ್ ಆತ್‌ಲಿಕ್’, ಬಹಳ ಒತ್ತಡ. ಇನ್ನು ತಡೆಯಲಾರೆ ಅನ್ನಿಸಿದರೆ ‘ಡಿಂಗ್ ಮ್ ಸೊನ್’. ಜೊತೆಯಲ್ಲಿ ಕೆಲಸ ಮಾಡುವವರ ಮುಂದೆ ಇವನ್ನು ಹೇಳಿಕೊಳ್ಳಲು ಸಂಕೋಚ ಬೇಡ.

‘ಹೋ ಫಾನ್’ ಬಳಸುವಾಗ ಮಾತ್ರ ಜೋಪಾನ. ಕೆಲಸದ ಬಗ್ಗೆ ಅಂದರೆ ಬರೀ ತಲೆನೋವು; ಎದುರಿಗಿರುವವರನ್ನು ನೋಡಿ ಅಂದರೆ ಪೀಡೆ ಎಂದು ಬೈದಂತೆ. ತಲೆ ಕೆಟ್ಟಿದೆ ಎನ್ನುವ ‘ಚೀ ಸಿನ್’ ಗೆಳೆಯರ ನಡುವೆ ನಡೆದೀತು, ಟ್ಯಾಕ್ಸಿಯವರಿಗೋ ಅಂಗಡಿಯವರಿಗೋ ಅನ್ನಲೇಬೇಡಿ. ಮೇಲಧಿಕಾರಿಯ ಮೇಲಿನ ಸಿಟ್ಟನ್ನು ಅವರ ಮೇಲೇಕೆ ತೀರಿಸುತ್ತೀರಿ? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಬೇಡ.

2006ರ ಏಪ್ರಿಲ್‌ನಲ್ಲಿ ಅಲ್ಲಿನ ಬಸ್ಸೊಂದರಲ್ಲಿ ನಡೆದದ್ದು ನೆನಪಿರಲಿ. ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ ನಡುವಯಸ್ಕರೊಬ್ಬರ ಭುಜ ತಟ್ಟಿ, ಹಿಂದಿನ ಸೀಟಿನ ಯುವಕ ಸ್ವಲ್ಪ ಮೆಲ್ಲಗೆ ಎಂದ. ಅಷ್ಟಕ್ಕೇ ಅವರು ತಿರುಗಿ ನಿಂತು, ನಿನಗೂ ಆತ್‌ಲಿಕ್, ನನಗೂ ಆತ್‌ಲಿಕ್ ಎಂದು ನಿಮಿಷಗಟ್ಟಲೆ ಕೂಗಾಡಿದರು. ಪಕ್ಕದ ಪ್ರಯಾಣಿಕ ಚಿತ್ರೀಕರಿಸಿದ ಆ ದೃಶ್ಯವನ್ನು ‘ಬಸ್ ಅಂಕಲ್’ ಹೆಸರಿನಲ್ಲಿ ಲೋಕವೆಲ್ಲ ನೋಡಿತು. ಒತ್ತಡ ಇದೆ ಎಂದದ್ದು ತಪ್ಪಲ್ಲ, ಕೂಗಿದ್ದು ತಪ್ಪು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ.

ಇನ್ನೊಂದು ಮಾತು. ಕ್ಯಾಂಟನೀಸ್‌ನಲ್ಲಿ ಆರು ಸ್ವರಗಳಿವೆ. ಏರಿಳಿತ ತಪ್ಪಿದರೆ ಅರ್ಥವೇ ಬೇರೆ. ಕನ್ನಡದಲ್ಲಿ ಬರೆದುಕೊಂಡು ಓದಿದರೆ ಸಾಲದು, ಪಕ್ಕದ ಮನೆಯವರ ಬಾಯಿಂದ ಕೇಳಿ, ಅವರೆದುರೇ ಹೇಳಿ ತಿದ್ದಿಸಿಕೊಳ್ಳಿ.

ನಿಮ್ಮ ದಣಿವನ್ನಷ್ಟೇ ಹೇಳಿಕೊಂಡು ಸುಮ್ಮನಾಗಬೇಡಿ, ಬೇರೆಯವರ ದಣಿವೂ ಕಣ್ಣಿಗೆ ಬೀಳಲಿ. ಸೋತ ಗೆಳೆಯರಿಗೆ ‘ಗಾ ಯಾವ್’ ಅನ್ನಿ. ‘ಎಣ್ಣೆ ಹಾಕು’ ಎಂದು ಹುರಿದುಂಬಿಸುವ ಈ ಮಾತಿನ ಇಂಗ್ಲಿಷ್ ರೂಪ 2018ರಲ್ಲಿ ಆಕ್ಸ್‌ಫರ್ಡ್ ನಿಘಂಟನ್ನೂ ಸೇರಿತು. ರಾತ್ರಿ ಮನೆಗೆ ಬರುವಾಗ ಬಾಗಿಲು ಕಾಯುವ ಹಿರಿಯರಿಗೆ ‘ಸನ್ ಫೂ ಸಾಯ್’, ಬಹಳ ಶ್ರಮಪಟ್ಟಿರಿ ಎಂದು ಹೇಳಿ. ಈ ಎರಡನ್ನು ಮೊದಲು ಕಲಿಯಿರಿ, ಉಳಿದದ್ದು ಆಮೇಲೆ.