ತುಂಡಾದರೂ ಬೇರಾಗದ ರೊಟ್ಟಿ

ಒಂದು ವಸ್ತುವನ್ನು ಎರಡು ತುಂಡು ಮಾಡಿದರೆ ಆ ತುಂಡುಗಳು ಬೇರೆ ಬೇರೆಯಾಗುತ್ತವೆಂಬುದು ನಮ್ಮೆಲ್ಲರ ನಂಬಿಕೆ. ಹಣ್ಣನ್ನು ಹೆಚ್ಚಿದರೂ ಕಟ್ಟಿಗೆಯನ್ನು ಸೀಳಿದರೂ ಈ ನಂಬಿಕೆಗೆ ಭಂಗ ಬರುವುದಿಲ್ಲ. ಆದರೆ ನಡುವೆ ರಂಧ್ರವುಳ್ಳ ವಸ್ತುಗಳ ವಿಷಯದಲ್ಲಿ ಇದು ಸದಾ ಸತ್ಯವಲ್ಲ. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಮನೆಯಲ್ಲಿ ಮಾಡಿದ ಒಂದು ಬೇಗಲ್ ಮತ್ತು ಹರಿತವಾದ ಒಂದು ಚಾಕು ಸಾಕು.

ಬೇಗಲ್ ಎಂಬುದು ಪೂರ್ವ ಯೂರೋಪಿನ ಯೆಹೂದ್ಯರ ರೊಟ್ಟಿ. ಪೋಲೆಂಡಿನ ಕ್ರಾಕೋವ್ ನಗರದ ಯೆಹೂದ್ಯ ಸಮುದಾಯದ 1610ರ ಕಟ್ಟಳೆಗಳಲ್ಲಿಯೇ ಇದರ ಹೆಸರು ಬರುತ್ತದೆ. ವಲಸೆ ಹೋದವರೊಡನೆ ಇದು ನ್ಯೂಯಾರ್ಕನ್ನು ಸೇರಿ ಅಲ್ಲಿನ ಬೆಳಗಿನ ಉಪಾಹಾರವಾಯಿತು. ಗೋಧಿಹಿಟ್ಟಿಗೆ ಯೀಸ್ಟ್, ಉಪ್ಪು, ನೀರು ಸೇರಿಸಿ ಗಟ್ಟಿಯಾಗಿ ನಾದಿ, ಹುದುಗಿದ ಮೇಲೆ ದಪ್ಪನೆಯ ಬಳೆಯಂತೆ ಮಾಡಿ, ಮೊದಲು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಬೇಯಿಸಿ, ಆಮೇಲೆ ಓವನಿನಲ್ಲಿ ಸುಡುತ್ತಾರೆ. ಬಿಸಿನೀರು ತಗುಲಿದೊಡನೆ ಮೇಲ್ಮೈಯ ಪಿಷ್ಟವು ನೀರನ್ನು ಹೀರಿ ಗಂಜಿಯಂತೆ ಅಂಟಾಗಿ ಒಂದು ಹೊದಿಕೆಯಾಗುತ್ತದೆ. ಇದರಿಂದ ರೊಟ್ಟಿ ಅತಿಯಾಗಿ ಉಬ್ಬದೆ ತಿರುಳು ಒತ್ತಾಗಿ ಉಳಿಯುತ್ತದೆ. ಪುಡಿಯಾಗದೆ ಕತ್ತರಿಸಲು ಇದೇ ಅನುಕೂಲ. ಆದರೆ ರೊಟ್ಟಿ ಪೂರ್ತಿ ಆರಿರಬೇಕು. ಬಿಸಿಯಿದ್ದಾಗ ತಿರುಳು ಚಾಕುವಿಗೆ ಮೆತ್ತಿಕೊಳ್ಳುತ್ತದೆ.

ರೂಢಿಯಲ್ಲಿ ಬೇಗಲನ್ನು ಅಡ್ಡಲಾಗಿ ಸೀಳಿ, ಎರಡು ಬಳೆಗಳನ್ನಾಗಿ ಮಾಡಿ, ಒಳಮೈಗೆ ಕ್ರೀಮ್ ಚೀಸ್ ಸವರುತ್ತಾರೆ. ಅಮೆರಿಕದ ಗಣಿತಜ್ಞ ಹಾಗೂ ಶಿಲ್ಪಿ ಜಾರ್ಜ್ ಹಾರ್ಟ್ ಅವರು 2009ರಲ್ಲಿ ಬೇರೊಂದು ವಿಧಾನವನ್ನು ತೋರಿಸಿಕೊಟ್ಟರು. ಅದನ್ನು ಈಗ ನೋಡೋಣ.

ರೊಟ್ಟಿಯನ್ನು ಹಲಗೆಯ ಮೇಲೆ ಚಪ್ಪಟೆಯಾಗಿಟ್ಟು, ಅದರ ಸುತ್ತ ನಾಲ್ಕು ದಿಕ್ಕುಗಳನ್ನು ಕಲ್ಪಿಸಿಕೊಳ್ಳಿ. ಪೂರ್ವದಲ್ಲಿ ರೊಟ್ಟಿಯ ನೆತ್ತಿಯ ಮೇಲೂ, ಉತ್ತರದಲ್ಲಿ ರಂಧ್ರದ ಕಡೆಯ ಒಳಮೈಯ ಮೇಲೂ, ಪಶ್ಚಿಮದಲ್ಲಿ ತಳದ ಮೇಲೂ, ದಕ್ಷಿಣದಲ್ಲಿ ಹೊರ ಅಂಚಿನ ಮೇಲೂ ಒಂದೊಂದು ಗುರುತು ಮಾಡಿ. ಇವನ್ನು ಕ್ರಮವಾಗಿ ಸೇರಿಸಿ ಮತ್ತೆ ಪೂರ್ವಕ್ಕೆ ಬಂದರೆ ಒಂದು ರೇಖೆ ದೊರೆಯುತ್ತದೆ. ಅದು ರಂಧ್ರವನ್ನು ಒಂದು ಸಲ ಪ್ರದಕ್ಷಿಣೆ ಮಾಡುವಷ್ಟರಲ್ಲಿ ರೊಟ್ಟಿಯ ಮೈಯನ್ನೂ ಒಂದು ಸಲ ಸುತ್ತಿ ಬಂದಿರುತ್ತದೆ. ಎಲ್ಲೆಡೆಯೂ ಇದಕ್ಕೆ ನೇರ ಎದುರಾಗಿರುವ ಇನ್ನೊಂದು ರೇಖೆಯನ್ನೂ ಗುರುತಿಸಿ. ಈಗ ಒಂದೊಂದು ರೇಖೆಯಿಂದಲೂ ತಿರುಳಿನ ಮಧ್ಯದವರೆಗೆ ಮಾತ್ರ ಚಾಕುವನ್ನು ಇಳಿಸಿ, ರೇಖೆಯುದ್ದಕ್ಕೂ ಕತ್ತರಿಸುತ್ತ ಹೋಗಿ. ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದು ಕತ್ತರಿಸಕೂಡದು; ಜಾರಿದ ಚಾಕು ನೇರವಾಗಿ ಕೈಗೇ ನಾಟುತ್ತದೆ.

ಮೆಲ್ಲನೆ ಬಿಡಿಸಿದಾಗ ದೊರೆಯುವ ತುಂಡುಗಳು ಎರಡೇ; ಗಾತ್ರದಲ್ಲಿಯೂ ಆಕಾರದಲ್ಲಿಯೂ ಸಮಾನ. ಆದರೆ ಅವು ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ!

ಇದಕ್ಕೆ ಕಾರಣವೇನು? ಪ್ರದಕ್ಷಿಣೆಯ ಕಾಲದಲ್ಲಿ ಚಾಕುವಿನ ಅಲಗು ಎಷ್ಟು ತಿರುಗಿತೆಂಬುದರಲ್ಲಿಯೇ ಗುಟ್ಟೆಲ್ಲ ಅಡಗಿದೆ. ಅಲಗು ತಿರುಗದಿದ್ದರೆ ಎರಡು ಬಿಡಿ ಬಳೆಗಳು ದೊರೆಯುತ್ತವೆ. ಅರ್ಧ ಸುತ್ತು ತಿರುಗಿದರೆ ಕತ್ತರಿಸಿದ ಮೈಯು ಜರ್ಮನಿಯ ಮೋಬಿಯಸ್ ಮತ್ತು ಲಿಸ್ಟಿಂಗ್ 1858ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ಒಂದೇ ಮುಖದ ಪಟ್ಟಿಯಾಗುತ್ತದೆ; ಆಗ ರೊಟ್ಟಿ ಎರಡಾಗುವುದೇ ಇಲ್ಲ, ಉದ್ದನೆಯ ಒಂದೇ ಬಳೆಯಾಗುತ್ತದೆ. ಪೂರ್ತಿ ಒಂದು ಸುತ್ತಾದರೆ ಎರಡು ಬಳೆಗಳು ಕೊಂಡಿ ಹಾಕಿಕೊಳ್ಳುತ್ತವೆ. ಬೇಗಲ್ ದೊರೆಯದವರು ಕಾಗದದ ಪಟ್ಟಿಯನ್ನು ಹೀಗೆಯೇ ತಿರುಚಿ, ತುದಿಗಳನ್ನು ಅಂಟಿಸಿ, ನಡುವೆ ಉದ್ದಕ್ಕೆ ಕತ್ತರಿಸಿ ನೋಡಬಹುದು.

ತಿನ್ನುವವರಿಗೂ ಇದರಿಂದ ಕಿಂಚಿತ್ ಲಾಭವುಂಟು. ರೊಟ್ಟಿಯ ಹೊರವ್ಯಾಸ 12 ಸೆಂಟಿಮೀಟರ್, ರಂಧ್ರದ ವ್ಯಾಸ 4 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅಡ್ಡ ಸೀಳಿದಾಗ ಒಂದೊಂದು ತುಂಡಿನ ಒಳಮೈ ಸುಮಾರು 100 ಚದರ ಸೆಂಟಿಮೀಟರ್. ತಿರುಚಿ ಸೀಳಿದಾಗ ಸುಮಾರು 105. ಕ್ರೀಮ್ ಚೀಸಿಗೆ ಅಷ್ಟು ಹೆಚ್ಚು ಸ್ಥಳ!

ಇದು ಕೇವಲ ವಿನೋದವೆಂದು ತಳ್ಳಿಬಿಡುವಂತಿಲ್ಲ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೊಲೈ ಬ್ಯಾಕ್ಟೀರಿಯದ ಡಿ.ಎನ್.ಎ. ಒಂದು ಮುಚ್ಚಿದ ಉಂಗುರ; ಅದರ ಎರಡು ಎಳೆಗಳು 4 ಲಕ್ಷಕ್ಕಿಂತ ಹೆಚ್ಚು ಸಲ ಒಂದನ್ನೊಂದು ಸುತ್ತಿಕೊಂಡಿವೆ. ಜೀವಕೋಶವು ಇಬ್ಭಾಗವಾಗಬೇಕಾದರೆ ಈ ಎಳೆಗಳು ಅಗಲಲೇಬೇಕು. ಬೇಗಲಿಗೆ ಒಂದು ಸುತ್ತಿನಿಂದಲೇ ಒಂದು ಕೊಂಡಿ ಬಿದ್ದಿತಷ್ಟೆ. ಇಲ್ಲಿ ಲಕ್ಷಗಟ್ಟಲೆ ಕೊಂಡಿಗಳನ್ನು ಬಿಡಿಸಬೇಕು. ಎಳೆಯನ್ನು ಕತ್ತರಿಸಿ, ಇನ್ನೊಂದನ್ನು ಆ ಬಿರುಕಿನ ಮೂಲಕ ದಾಟಿಸಿ, ಮತ್ತೆ ಬೆಸೆಯುವ ಟೋಪೋಐಸೋಮರೇಸ್ ಎಂಬ ಕಿಣ್ವಗಳು ಈ ಕಾರ್ಯವನ್ನು ನೆರವೇರಿಸುತ್ತವೆ. ಇವುಗಳಲ್ಲಿ ಮೊದಲನೆಯದನ್ನು 1971ರಲ್ಲಿ ಜೇಮ್ಸ್ ವಾಂಗ್ ವರದಿ ಮಾಡಿದರು. ವೈದ್ಯರು ಕೊಡುವ ಸಿಪ್ರೊಫ್ಲಾಕ್ಸಸಿನ್ ಔಷಧಿಯು ಬ್ಯಾಕ್ಟೀರಿಯಗಳ ಇಂಥ ಕಿಣ್ವಗಳನ್ನೇ ತಡೆದು ರೋಗಾಣುಗಳನ್ನು ಕೊಲ್ಲುತ್ತದೆ.

ವಾಚಕರಿಗೊಂದು ಪ್ರಶ್ನೆ: ಅಲಗು ಒಂದೂವರೆ ಸುತ್ತು ತಿರುಗಿದರೆ ತುಂಡುಗಳೆಷ್ಟು? ಎರಡು ಸುತ್ತು ತಿರುಗಿದರೆ? ಮೊದಲು ಊಹಿಸಿ, ಆಮೇಲೆ ಕತ್ತರಿಯನ್ನು ಕೈಗೆತ್ತಿಕೊಳ್ಳಿ.